ಬೆಟ್ಟಮ್ಮ ಹೊಸೆದ ಬಾವಿ ಹಗ್ಗ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಕೆರೆ ಏರಿಯ ಕೆಳಗೆ, ಮರಳಿನಲ್ಲಿ ತೋಡಿದ ಒರತೆಯ ಅಂಚಿನಲ್ಲಿ ಬೆಟ್ಟಮ್ಮ ಕುಕ್ಕರಗಾಲಲ್ಲಿ ಕೂತಿದ್ದಾಳೆ. ಕೈಯಲ್ಲಿ ತೆಂಗಿನ ಕರಟ, ಪಕ್ಕದಲ್ಲಿ ಮಣ್ಣಿನ ಕೊಡ. ಒಂದು ಕರಟ ಮೊಗೆದರೆ ಇನ್ನೊಂದು ಕರಟದಷ್ಟು ನೀರು ಊರುವ ತನಕ ಕಾಯಬೇಕು. ಅವಸರ ಮಾಡಿ ತಳ ಕೆದಕಿದರೆ ರಾಡಿ ಏಳುತ್ತದೆ, ಅದು ಮತ್ತೆ ತಿಳಿಯಾಗುವಷ್ಟರಲ್ಲಿ ಹೊತ್ತು ಮೇಲೇರಿರುತ್ತದೆ. ಮನೆಯಲ್ಲಿ ಇಬ್ಬರು ಚಿಕ್ಕ ಗಂಡುಮಕ್ಕಳು ಎದ್ದು ಅಂಬಲಿಗೆ ಅಳುವ ಹೊತ್ತಾಯಿತು ಎಂದು ಅವಳ ಮನಸ್ಸು ಹೇಳುತ್ತಿದ್ದರೂ ಕೈ ಮಾತ್ರ ನಿಧಾನ ಬಿಡುವುದಿಲ್ಲ.

ಕೊಡ ಅರ್ಧ ತುಂಬಿದೆ ಎನ್ನುವಾಗ ಏರಿಯ ಮೇಲಿಂದ ಶಿವಯ್ಯ ಕೂಗುತ್ತಾನೆ. ತೆಂಗಿನ ತೋಟದ ಯಜಮಾನ ನಂಜಪ್ಪನ ಮನೆಯ ಆಳು ಅವನು.

"ಬೆಟ್ಟಮ್ಮೋ, ಕೊಡ ಅಲ್ಲೇ ಬುಡು. ಮೇಲ್ನ ಬೀದಿ ಬಾವಿ ಅಗ್ಗ ಕಿತ್ತೋಗದೆ. ಎಂಗಸ್ರೆಲ್ಲ ಖಾಲಿ ಬಿಂದಿಗೆ ಇಡ್ಕಂಡು ನಿಂತವ್ರೆ. ಬಿರ್ನೆ ಒಂದು ಅಗ್ಗ ಆಗ್ಬೇಕಂತೆ."

"ಅವ್ರದು ಖಾಲಿ, ನಂದು ಅರ್ಧ. ನಾನೇ ವಾಸಿ ಅಲ್ವಾ ಶಿವಣ್ಣ?" ಎನ್ನುತ್ತಾ ಬೆಟ್ಟಮ್ಮ ಕರಟವನ್ನು ಕೊಡದ ಬಾಯಿಗೆ ಮುಚ್ಚಿಟ್ಟು ಏಳುತ್ತಾಳೆ.

ನುಗ್ಗೇಹಳ್ಳಿಯಲ್ಲಿ ಬಸ್ಸಿಳಿದು ಬೀಳು ಹೊಲಗಳ ನಡುವೆ ನಡೆದರೆ ಸಿಗುವ ಸಣ್ಣ ಊರು ಇದು. ಬರೆಯುವಾಗ ಊರಿನ ಹೆಸರು ಹಾಕಬೇಡಿ ಎಂದು ಬೆಟ್ಟಮ್ಮ ಕೇಳಿಕೊಂಡಿದ್ದಾಳೆ. ಊರಿನ ಬಾವಿ ಇರುವುದು ಮೇಲಿನ ಬೀದಿಯಲ್ಲಿ. ಕೇರಿಯವರು ಅದರ ಕಟ್ಟೆ ಹತ್ತುವಂತಿಲ್ಲ, ಅವರಿಗೆ ಒರತೆಯೇ ಗತಿ. ಆದರೆ ಆ ಬಾವಿಗೆ ಇಳಿಯುವ ಹಗ್ಗವನ್ನು ಹೊಸೆಯುವುದು ಕೇರಿಯ ಬೆಟ್ಟಮ್ಮ. ಅವಳ ಅತ್ತೆ ಹೊನ್ನಕ್ಕನ ಕಾಲದಿಂದಲೂ ಹೀಗೆಯೇ ನಡೆದು ಬಂದಿದೆ.

ಅಂಗಳದಲ್ಲಿ ನೆಲಕ್ಕೆ ಹುಗಿದ ಹಗ್ಗದ ಚಕ್ರ ನಿಂತಿದೆ. ಬೆಟ್ಟಮ್ಮ ಮಗಳು ರೇವಿಯನ್ನು ಎಬ್ಬಿಸುತ್ತಾಳೆ. ಹತ್ತು ತುಂಬದ ಹುಡುಗಿ. ಕಣ್ಣುಜ್ಜುತ್ತಲೇ ಬಂದು ಚಕ್ರದ ಹಿಡಿ ಹಿಡಿಯುತ್ತಾಳೆ. ಆ ಅಂಗೈಯಲ್ಲಿ, ಬೆರಳ ಬುಡದಲ್ಲಿ ಸಾಲಾಗಿ ಗಟ್ಟಿ ಗುಳ್ಳೆಗಳು. ಮೊದಲು ಚಕ್ರ ತಿರುಗಿಸುತ್ತಿದ್ದವನು ಅವಳಪ್ಪ ಗುಂಡಯ್ಯ. ನಾರಿನ ಧೂಳು ಎದೆಗೆ ಹತ್ತಿ ಗೂರಲು ಹಿಡಿದ ಮೇಲೆ ಅವನು ಜಗಲಿಯಲ್ಲಿ ಕೂತು ನಾರು ಬಿಡಿಸುವುದಷ್ಟೇ ಮಾಡುತ್ತಾನೆ. ನಾಲ್ಕು ಸಲ ಕೈಯಾಡಿಸಿದರೆ ಐದನೆಯ ಸಲ ಉಸಿರಿಗೆ ಕಾಯಬೇಕು.

ಅದೃಷ್ಟಕ್ಕೆ ಮೊದಲೇ ನೂತು ಸುತ್ತಿಟ್ಟ ಹುರಿ ಇದೆ. ಮೂರು ಹುರಿಗಳನ್ನು ಕೂಡಿಸಿ ಬಿಗಿಯಾಗಿ ಹೊಸೆದರೆ ಬಾವಿ ಹಗ್ಗ. ತಾಯಿ ಮಗಳು ಮಾತಿಲ್ಲದೆ ದುಡಿಯುತ್ತಾರೆ. ಎಲ್ಲಿ ಸಡಿಲವಾಯಿತು, ಎಲ್ಲಿ ಬಿಗಿ ಹೆಚ್ಚಾಯಿತು ಎಂಬುದು ಬೆಟ್ಟಮ್ಮನ ಬೆರಳಿಗೆ ತಿಳಿಯುತ್ತದೆ, ಅವಳು ಗಂಟಲಲ್ಲಿ ಒಂದು ಸದ್ದು ಮಾಡುತ್ತಾಳೆ, ರೇವಿ ಚಕ್ರದ ಓಟ ಬದಲಿಸುತ್ತಾಳೆ. ಬಿಸಿಲು ಮಾಡಿನ ಮೇಲೆ ಬೀಳುವ ಹೊತ್ತಿಗೆ ಹದಿನೆಂಟು ಮಾರಿನ ಹಗ್ಗ ಸಿದ್ಧ.

"ನಾನೊಸೆದದ್ದು ಸವೆದು ಕಿತ್ತೋಗ್ಬೇಕೇ ಒರ್ತು, ಒಸದ್ರಲ್ಲಿ ಕಿತ್ತಿದ್ದಿಲ್ಲ," ಎನ್ನುತ್ತಾಳೆ ಬೆಟ್ಟಮ್ಮ. "ಈಗ ಕಿತ್ತಿರಾದು ಎರಡು ಬ್ಯಾಸ್ಗೆ ನೀರು ಸೇದೈತೆ. ಅದ್ಕೂ ವಯಸ್ಸಾಯ್ತದಲ್ಲ."

ಸುರುಳಿಯನ್ನು ತಾಯಿ ಮಗಳು ಎರಡು ಕಡೆ ಹಿಡಿದು ಮೇಲಿನ ಬೀದಿಗೆ ಹೊತ್ತು ನಡೆಯುತ್ತಾರೆ. ಬಾವಿ ಕಟ್ಟೆಗೆ ಇನ್ನೂ ದೂರವಿರುವಾಗಲೇ ಹಗ್ಗವನ್ನು ನೆಲದ ಮೇಲಿಟ್ಟು ಹಿಂದಕ್ಕೆ ಸರಿಯುತ್ತಾರೆ. ಶಿವಯ್ಯ ಅದಕ್ಕೆ ನೀರು ಚಿಮುಕಿಸಿ ಎತ್ತಿಕೊಂಡು ಹೋಗಿ ರಾಟೆಗೆ ಹಾಯಿಸುತ್ತಾನೆ. ಹೆಂಗಸರು ನೂಕಾಡಿಕೊಂಡು ಬಿಂದಿಗೆ ಮುಂದೆ ಮಾಡುತ್ತಾರೆ. ಆದರೆ ಮೊದಲ ಕೊಡ ಯಾರೂ ಮನೆಗೆ ಒಯ್ಯುವುದಿಲ್ಲ. ಹೊಸ ನಾರು ಬಣ್ಣ ಬಿಡುತ್ತದೆ, ನೀರು ಕಂದಾಗಿ, ಒಗರಾಗಿ ಬರುತ್ತದೆ. ಆ ಮೊದಲ ಕೊಡ ಹಗ್ಗ ಹೊಸೆದವರಿಗೆ ಸಲ್ಲಬೇಕೆಂಬುದು ಊರಿನ ಪದ್ಧತಿ. ಮೇಲಿನ ಬೀದಿಯ ಲಕ್ಕಮ್ಮ ಕಟ್ಟೆಯಿಳಿದು ಬಂದು, ಬೆಟ್ಟಮ್ಮ ಬೇರೆ ತಂದ ಖಾಲಿ ಕೊಡಕ್ಕೆ ಎತ್ತರದಿಂದ ನೀರು ಸುರಿಯುತ್ತಾಳೆ. ಒಂದಿಷ್ಟು ಹೊರಗೆ ಚೆಲ್ಲುತ್ತದೆ.

"ನಿನ್ ಕೈ ಚೆಂದಾಗಿರ್ಲಿ ಕಣಮ್ಮಿ," ಎಂದು ಲಕ್ಕಮ್ಮ ಮನಸಾರೆ ಹೇಳುತ್ತಾಳೆ. ಬೆಟ್ಟಮ್ಮನೂ ಮನಸಾರೆ ಕೈ ಮುಗಿಯುತ್ತಾಳೆ. ವಾಪಸು ಬರುವ ದಾರಿಯಲ್ಲಿ ಒರತೆಗೆ ಹೋಗಿ ನೋಡಿದರೆ ಅರ್ಧ ತುಂಬಿಟ್ಟಿದ್ದ ಕೊಡವನ್ನು ಯಾರದೋ ಕರು ಉರುಳಿಸಿ ಹೋಗಿದೆ.

ಮನೆಯಲ್ಲಿ ಆರು ಹೊಟ್ಟೆ. ಗುಂಡಯ್ಯ, ಹೊನ್ನಕ್ಕ, ರೇವಿ, ಇಬ್ಬರು ಗಂಡುಹುಡುಗರು, ಬೆಟ್ಟಮ್ಮ. ಆರನ್ನೂ ಹೊರೆಯುವುದು ಹಗ್ಗ. ನಂಜಪ್ಪನ ತೋಟದಲ್ಲಿ ಕಾಯಿ ಸುಲಿದ ಮಟ್ಟೆ ಇವಳಿಗೆ ಬರುತ್ತದೆ, ಅಂಗಳದ ಮರದ ಚಕ್ರವೂ ಅವನದೇ. ಅದನ್ನು ಕೆರೆಯಂಚಿನ ಗುಂಡಿಯಲ್ಲಿ ತಿಂಗಳುಗಟ್ಟಲೆ ಕೊಳೆಹಾಕಿ, ತೆಗೆದು, ಕೊಡತಿಯಲ್ಲಿ ಬಡಿದು ನಾರು ಬಿಡಿಸಬೇಕು. ಕೊಳೆತ ಮಟ್ಟೆಯ ನಾತ ಎಷ್ಟು ಉಜ್ಜಿ ಮಿಂದರೂ ಹೋಗುವುದಿಲ್ಲ. ಚಿಕ್ಕವನು ಮೊಲೆ ಬಿಟ್ಟದ್ದೇ ಆ ವಾಸನೆಗೆ ಎಂದು ಬೆಟ್ಟಮ್ಮ ನಗುತ್ತಾಳೆ. ಆಮೇಲೆ ನಾರನ್ನು ಮಡಿಲಿಗೆ ತುಂಬಿಕೊಂಡು, ತುದಿಯನ್ನು ಚಕ್ರದ ಕೊಕ್ಕೆಗೆ ಸಿಕ್ಕಿಸಿ, ನಾರು ಬಿಡುತ್ತಾ ಬಿಡುತ್ತಾ ಹಿಂದಕ್ಕೆ ನಡೆಯಬೇಕು. ಚಕ್ರದಿಂದ ಹುಣಸೆ ಮರದವರೆಗೆ, ದಿನವೆಲ್ಲ. ಎದುರಿಗೆ ನೂತ ಹುರಿ ಕಾಣುತ್ತದೆ, ಹಿಂದೆ ಕಾಲಿಗೆ ಏನು ಸಿಗುತ್ತದೋ ಕಾಣುವುದಿಲ್ಲ. ಬಸುರಿಯಾಗಿದ್ದಾಗಲೂ ನಡೆದಿದ್ದಾಳೆ.

ಹೊಸೆದದ್ದೆಲ್ಲ ನಂಜಪ್ಪನ ಅಂಗಡಿಗೆ. ಅದಕ್ಕೆ ಬದಲಾಗಿ ರಾಗಿ, ಉಪ್ಪು, ವರುಷಕ್ಕೊಮ್ಮೆ ಬಟ್ಟೆ. ಆಣೆ ಹೋಗಿ ಹೊಸ ಪೈಸೆ ಬಂದು ನಾಲ್ಕೈದು ವರುಷವಾದರೂ ಆ ಅಂಗಡಿಯಲ್ಲಿ ಇವಳ ಕೈಗೆ ಪೈಸೆ ಬಂದದ್ದು ಅಪರೂಪ. ಹಗ್ಗ ಬಂದಾಗ ಶಿವಯ್ಯ ನೀರು ಚಿಮುಕಿಸಿ ಗೂಟಕ್ಕೆ ನೇತುಹಾಕುತ್ತಾನೆ. ಗೂಟಕ್ಕೆ ಹೋದ ಹಗ್ಗಕ್ಕೆ ಆಮೇಲೆ ಹೊಸೆದವರು ಯಾರೂ ಇರುವುದಿಲ್ಲ. ಅದು ನಂಜಪ್ಪನ ಅಂಗಡಿ ಹಗ್ಗ. ಸುತ್ತಿನ ಹಳ್ಳಿಗಳ ಬಾವಿಗಳಿಗೆಲ್ಲ ಅದೇ ಇಳಿಯುತ್ತದೆ.

ಇಂಥ ಬದುಕಿನೊಳಕ್ಕೆ ಕಳೆದ ತಿಂಗಳು ಗ್ರಾಮಸೇವಕ ಚೆನ್ನಯ್ಯ ಸೈಕಲ್ಲು ತಳ್ಳಿಕೊಂಡು ಬಂದ. ಸರ್ಕಾರದಿಂದ ಹೋಬಳಿಗೆ ಒಂದು ಕಬ್ಬಿಣದ ಚಕ್ರ ಬಂದಿದೆ, ಎರಡು ಕೊಕ್ಕೆಯದು, ಮಗು ಕೂಡ ಹಗುರವಾಗಿ ತಿರುಗಿಸಬಹುದು ಎಂದ. ಚನ್ನರಾಯಪಟ್ಟಣದ ಹತ್ತಿರದ ತೋಟದವರೊಬ್ಬರನ್ನು ಮಟ್ಟೆ ಕೊಡಲು ಒಪ್ಪಿಸಿದ್ದೇನೆ, ಹೊಸೆದದ್ದನ್ನು ನೀನೇ ಸಂತೆಗೆ ಒಯ್ದು ನಿನ್ನ ಹಗ್ಗ ಅಂತ ಮಾರು ಎಂದ. ಬೆಟ್ಟಮ್ಮ ಒಪ್ಪದಿದ್ದರೆ ಚಕ್ರ ಅರಕಲಗೂಡಿನ ಕಡೆಗೆ ಹೋಗುತ್ತದೆ.

ನಿನ್ನ ಹಗ್ಗ ಎಂದದ್ದು ಬೆಟ್ಟಮ್ಮನ ಕಿವಿಯಲ್ಲೇ ಉಳಿಯಿತು. ಆದರೆ ಅವಳು ಒಮ್ಮೆಗೆ ಹಾರುವವಳಲ್ಲ. ನಂಜಪ್ಪನ ಮಟ್ಟೆ ಬಿಟ್ಟರೆ ಅದು ಮತ್ತೆ ಸಿಗುವುದಿಲ್ಲ ಎಂಬುದು ಅವಳಿಗೆ ಗೊತ್ತು. ಅದಕ್ಕೇ ಮೊದಲು ಒಂದು ಸಂತೆ ನೋಡಿ ಆಮೇಲೆ ಹೇಳುತ್ತೇನೆ ಎಂದಳು. ನಂಜಪ್ಪನ ಅಪ್ಪಣೆ ಕೇಳಿಯೇ ಒಂದು ಬಾವಿ ಹಗ್ಗ, ಒಂದಿಷ್ಟು ದನ ಕಟ್ಟುವ ಕಣ್ಣಿ ಇಟ್ಟುಕೊಂಡು ರೇವಿಯ ಜೊತೆ ಬಸ್ಸು ಹತ್ತಿದಳು.

ನಂಜಪ್ಪ ಬೈದವನಲ್ಲ, ಅದನ್ನು ಅವಳೇ ಹೇಳುತ್ತಾಳೆ. "ಓಗಿ ಬಾ ಬೆಟ್ಟಿ, ನಾನ್ಯಾಕೆ ಬ್ಯಾಡ ಅನ್ಲಿ. ಆದ್ರೆ ಮಟ್ಟೆ ನಂದು, ಚಕ್ರ ನಂದು. ನೀನು ಬುಟ್ಟೋದ್ರೂ ಅವು ಇಲ್ಲೇ ಇರ್ತವೆ," ಎಂದನಂತೆ, ವೀಳ್ಯ ಮಡಿಸುತ್ತಾ.

ಚನ್ನರಾಯಪಟ್ಟಣದ ಸಂತೆಯಲ್ಲಿ ಅವಳನ್ನು ಬಲ್ಲವರು ಯಾರೂ ಇರಲಿಲ್ಲ. ಒಂದು ಪಕ್ಕ ಮೆಣಸಿನಕಾಯಿ, ಇನ್ನೊಂದು ಪಕ್ಕ ಮೊರ ಮಂಕರಿ, ನಡುವೆ ಗೋಣಿತಾಟು ಹಾಸಿ ಇವಳು. ಹೊಳೇನರಸೀಪುರದ ಕಡೆಯ ಒಬ್ಬ ಯಜಮಾನ ಬಂದು ನಿಂತ. ಹೆಗಲ ಮೇಲೆ ಟವಲು, ದೊಡ್ಡ ಮೀಸೆ. ಬಾವಿ ಹಗ್ಗವನ್ನು ಎಳೆದು ನೋಡಿದ, ಕಾಲಲ್ಲಿ ಮೆಟ್ಟಿ ಜಗ್ಗಿದ. ಇಂಥ ಹೊಸೆತ ನೋಡಿ ಬಹಳ ದಿನವಾಯಿತು, ನಮ್ಮದು ಆಳದ ಬಾವಿ, ಇಂಥದ್ದೇ ಬೇಕಾಗಿತ್ತು ಎಂದ. ಬೆಲೆ ಒಪ್ಪಿದ. ಬೆಟ್ಟಮ್ಮ ಸುರುಳಿ ಸುತ್ತಿ ಗಂಟು ಹಾಕಿ ಎದ್ದು ನಿಂತಳು. ಅವನು "ತತ್ತಾರವ್ವ" ಎಂದು ಎರಡೂ ಕೈ ಚಾಚಿದ.

ಬೆಟ್ಟಮ್ಮ ಹಗ್ಗವನ್ನು ಇಬ್ಬರ ನಡುವೆ ನೆಲದ ಮೇಲಿಟ್ಟು, ಎರಡು ಹೆಜ್ಜೆ ಹಿಂದಕ್ಕೆ ಹೋಗಿ ನಿಂತಳು.

ಯಾರೂ ಹೇಳಿರಲಿಲ್ಲ. ಹುಟ್ಟಿದಾಗಿನಿಂದ ಮೇಲಿನ ಬೀದಿಯಲ್ಲಿ ಹಾಗೆ ಇಟ್ಟು ಹಾಗೆ ಸರಿದ ಮೈ, ಇಲ್ಲಿಯೂ ಸರಿಯಿತು. ಯಜಮಾನ ಹಗ್ಗವನ್ನು ನೋಡಿದ, ನೆಲವನ್ನು ನೋಡಿದ, ಅವಳನ್ನು ನೋಡಿದ. ಚಾಚಿದ ಕೈ ನಿಧಾನಕ್ಕೆ ಟವಲಿನ ಕಡೆಗೆ ಹೋಯಿತು. ಯಾವೂರು, ಯಾರ ಪೈಕಿ ಎಂದು ಕೇಳಿದ. ಅವಳು ಸುಳ್ಳು ಹೇಳಲಿಲ್ಲ. ಅವನೂ ಗದರಲಿಲ್ಲ.

"ಸೇದಾಕೆ ಬ್ಯಾಡ ಬುಡವ್ವ, ಮನೇಲಿ ಎಂಗಸ್ರು ಒಪ್ಪಾಕಿಲ್ಲ. ದನಕ್ಕೆ ಎರಡು ಕಣ್ಣಿ ಕೊಡು," ಎಂದ.

ಕಣ್ಣಿಗೆ ಅವಳು ಹೇಳಿದ ಬೆಲೆಯನ್ನೇ ಕೊಟ್ಟ. ಅವನು ಬೈದಿದ್ದರೂ ಇಷ್ಟು ನೆನಪಾಗುತ್ತಿರಲಿಲ್ಲ ಎನ್ನುತ್ತಾಳೆ ಬೆಟ್ಟಮ್ಮ. ಅಕ್ಕಪಕ್ಕದವರು ಕೇಳಿಸಿಕೊಂಡಿದ್ದರು. ಆಮೇಲೆ ಕಣ್ಣಿ ಕೊಂಡವರು ಬಂದರು, ಬಾವಿ ಹಗ್ಗ ಮುಟ್ಟಿದವರಿಲ್ಲ. ಎಮ್ಮೆಯ ಕೊರಳಿಗೆ ಆಗಬಹುದಾದ ಹಗ್ಗ ಕೊಡದ ಕೊರಳಿಗೆ ಆಗಲಿಲ್ಲ. ಸುರುಳಿ ಅವಳ ತಲೆಯ ಮೇಲೆಯೇ ಊರಿಗೆ ವಾಪಸಾಯಿತು. ಮಾರನೆಯ ದಿನ ನಂಜಪ್ಪನ ಗೂಟಕ್ಕೆ ಹೋಯಿತು, ಅಲ್ಲಿಂದ ಸಂಜೆಯೊಳಗೆ ಯಾರದೋ ಬಾವಿಗೆ.

ಕೇರಿಯಲ್ಲಿ ಈ ಸುದ್ದಿ ನಗೆಯಾಗಿಯೇ ಹರಡಿತು. ನಗದಿದ್ದರೆ ಇನ್ನೇನು ಮಾಡುವುದು? ಪಕ್ಕದ ಮನೆಯ ಮಾರಮ್ಮ ಎಲೆಅಡಿಕೆ ಉಗಿದು ಹೇಳಿದಳಂತೆ: "ಮುಂದ್ಲ ಸತಿ ಓಗೋವಾಗ ನೀನೊಸೆದ ಕಣ್ಣೀನೇ ಕಾಲ್ಗೆ ಬಿಗ್ಕಂಡೋಗು ಕಣಕ್ಕ. ಇಂದಕ್ಕೆ ಎಂಗೋಯ್ತದೆ ನೋಡಾನ."

ಆ ನಗೆಯಲ್ಲೇ ಒಂದು ಸಂಜೆ ಅಂಗಳದಲ್ಲಿ ಆಟ ಶುರುವಾಯಿತು. ರೇವಿ ಅಪ್ಪನ ಟವಲು ಹೆಗಲಿಗೆ ಹಾಕಿಕೊಂಡು, ಮೂಗಿನ ಕೆಳಗೆ ನಾರಿನ ಮೀಸೆ ಹಿಡಿದು ಯಜಮಾನನಾದಳು. "ತತ್ತಾರವ್ವ" ಎಂದು ದಪ್ಪ ದನಿಯಲ್ಲಿ ಕೈ ಚಾಚಿದಳು. ಬೆಟ್ಟಮ್ಮ ಹಗ್ಗ ಕೊಡಹೋದಳು, ಕಾಲು ತಾನಾಗಿ ಹಿಂದಕ್ಕೆ ಬಂತು. ಎಲ್ಲರೂ ನಕ್ಕರು. ಇನ್ನೊಮ್ಮೆ. ಈ ಸಲ ಕಾಲನ್ನು ಬಲವಂತವಾಗಿ ನಿಲ್ಲಿಸಿಕೊಂಡಳು, ಹಗ್ಗವೇ ಕೈಜಾರಿ ಬಿತ್ತು. ಮತ್ತೊಮ್ಮೆ ಮಾಡುವಾಗ ಯಾರೂ ನಗುತ್ತಿರಲಿಲ್ಲ. ಸ್ವಂತ ಮಗಳ ಕೈಗೆ ಒಂದು ಹಗ್ಗ ಕೊಡಲು ಹಣೆಯಲ್ಲಿ ಬೆವರು. ರೇವಿ ಮೀಸೆ ತೆಗೆದು ನಾರಿನ ಗುಡ್ಡೆಗೆ ಎಸೆದು ಒಳಗೆ ಹೋದಳು.

ಅಂದಿನಿಂದ ಹುಡುಗಿ ಮಾತು ಕಡಿಮೆ ಮಾಡಿದ್ದಾಳೆ. ಏನೋ ಕೇಳಬೇಕೆಂದು ಬಾಯಿ ತೆರೆಯುತ್ತಾಳೆ, ಮುಚ್ಚುತ್ತಾಳೆ. ತಲೆಗೆ ಎಣ್ಣೆ ಹಚ್ಚುವಾಗ, ಅಂಬಲಿ ಬಗ್ಗಿಸುವಾಗ ಬೆಟ್ಟಮ್ಮ ಅದನ್ನು ಕಾಣುತ್ತಾಳೆ. ಕೆದಕುವುದಿಲ್ಲ. ರಾಡಿ ಎದ್ದರೆ ತಿಳಿಯಾಗಲು ಎಷ್ಟು ಹೊತ್ತೋ.

ಮನೆಯಲ್ಲಿ ಯಾರನ್ನು ಕೇಳಿದರೂ ದಾರಿ ಸಿಗುವುದಿಲ್ಲ. ಹೊನ್ನಕ್ಕ ಕಣ್ಣು ಮಂಜಾದ ಮುದುಕಿ, ಗೋಡೆಗೆ ಒರಗಿ ಒಂದೇ ಮಾತು ಹೇಳುತ್ತಾಳೆ: ಬಾವಿ ಹಗ್ಗ ಹೋಗದಿದ್ದರೆ ಬರೀ ಕಣ್ಣಿ ಮಾರಿ ಆರು ಹೊಟ್ಟೆ ತುಂಬುವುದಿಲ್ಲ. ಆಳದ ಬಾವಿಗಳ ಈ ಸೀಮೆಯಲ್ಲಿ ರಾಗಿ ತರುವುದು ಉದ್ದದ ಹಗ್ಗವೇ. ಗುಂಡಯ್ಯ ಉಸಿರು ಹಿಡಿದು ಹಿಡಿದು ಮಾತಾಡುತ್ತಾನೆ. "ನಂಜಪ್ಪನ ಮಟ್ಟೆ ಓದ್ರೆ ಓಯ್ತು. ಚಕ್ರ ಬಂದ್ರೆ ನಮ್ದೇ ಆಯ್ತದೆ. ಎರಡೂ ದಿಟ. ನಾನೇನು ಯೋಳ್ಲಿ? ತಿರುಗ್ಸೋ ಕೈ ನಂದಲ್ಲ," ಎಂದು ಮಗಳ ಕಡೆ ನೋಡಿ ಮುಖ ತಿರುಗಿಸುತ್ತಾನೆ.

ರೇವಿ ಒಂದನೆಯ ಕ್ಲಾಸಿಗೆ ನಾಲ್ಕು ತಿಂಗಳು ಹೋದದ್ದೇ ಕೊನೆ. ಹೊಸ ಚಕ್ರ ಹಗುರವಾದರೆ ಗುಂಡಯ್ಯನೇ ಕೂತು ತಿರುಗಿಸಬಹುದು, ಹುಡುಗಿಯ ಕೈ ಬಿಡುವಾಗುತ್ತದೆ. ಬೆಟ್ಟಮ್ಮ ರಾತ್ರಿ ಬೆಳಗು ತೂಗುತ್ತಿರುವುದು ಇದನ್ನೇ. ಒಂದು ತಟ್ಟೆಯಲ್ಲಿ ಮಗಳ ಅಂಗೈ, ಇನ್ನೊಂದರಲ್ಲಿ ಆರು ಜನರ ಮುದ್ದೆ. "ನಂಗೇನು ದೊಡ್ಡಾಸೆ ಇಲ್ಲ. ಅವಳ ಕೈ ಗುಳ್ಳೆ ವಾಸಿಯಾದ್ರೆ ಸಾಕು," ಎನ್ನುತ್ತಾಳೆ.

ಉತ್ತರ ಹೇಳಬೇಕಾದ ದಿನ ಇವತ್ತೇ. ಮಧ್ಯಾಹ್ನ ಚೆನ್ನಯ್ಯ ಬರುತ್ತಾನೆ. ಹಾಸನದ ಕಡೆಯ ಹುಡುಗ, ಇನ್ನೂ ಮದುವೆಯಾಗಿಲ್ಲ, ಬಿಸಿಲಿಗೆ ಮುಖ ಕೆಂಪಾಗಿದೆ. ಜಗಲಿಯ ಮೇಲೆ ಕೂತು ಕುಡಿಯಲು ನೀರು ಕೇಳುತ್ತಾನೆ. ಹೊರಗಿನವನೊಬ್ಬ ಈ ಮನೆಯಲ್ಲಿ ನೀರು ಕೇಳುವುದೇ ದೊಡ್ಡದು. ಆದರೆ ಒರತೆಯ ಕೊಡ ಉರುಳಿದೆ, ಮನೆಯಲ್ಲಿರುವುದು ಬೆಳಗ್ಗೆ ಲಕ್ಕಮ್ಮ ಸುರಿದ ನೀರು ಮಾತ್ರ. ಬೆಟ್ಟಮ್ಮ ನಾಚಿಕೊಂಡೇ ಚೊಂಬು ಇಡುತ್ತಾಳೆ. ನೆಲದ ಮೇಲೆ ಇಡುತ್ತಾಳೆ. ಚೆನ್ನಯ್ಯ ಎತ್ತಿಕೊಂಡು ಒಂದು ಗುಟುಕು ಕುಡಿದು ಒಳಗಿನ ಕಂದು ಬಣ್ಣವನ್ನು ನೋಡುತ್ತಾನೆ.

"ಒಸ ಅಗ್ಗದ ನೀರು ಸಾ. ಮೊದ್ಲ ಕೊಡ ನಮ್ಗೆ ಕೊಡ್ತಾರೆ."

ಅವನು ಉಳಿದದ್ದನ್ನೂ ಕುಡಿದು ಚೊಂಬು ಕೆಳಗಿಟ್ಟು, ಏನು ತೀರ್ಮಾನ ಮಾಡಿದಿರಿ ಎಂದು ಕೇಳುತ್ತಾನೆ. ಬೆಟ್ಟಮ್ಮ ಸೆರಗಿನ ತುದಿಯನ್ನು ಹುರಿ ಹೊಸೆಯುವಂತೆ ಹೊಸೆಯುತ್ತಾಳೆ.

"ಬ್ಯಾಡ ಸಾ. ಬಾವಿ ಅಗ್ಗ ನನ್ನ ಕೈಲಿದ್ರೆ ಓಗಾಕಿಲ್ಲ. ಕಣ್ಣಿ ನೆಚ್ಕಂಡು ಇವರ್ನೆಲ್ಲ ಉಪಾಸ ಆಕಾಕಾಗಲ್ಲ. ಚಕ್ರ ಅರಕಲಗೂಡ್ನೋರ್ಗೇ ಕೊಡಿ."

ಚೆನ್ನಯ್ಯ ಹೇಳುವುದನ್ನೆಲ್ಲ ಹೇಳುತ್ತಾನೆ. ಒಂದು ಸಂತೆಗೇ ಸೋತರೆ ಹೇಗೆ, ಹೊಸ ಜಾಗದಲ್ಲಿ ಯಾರಿಗೆ ಗೊತ್ತಾಗುತ್ತದೆ, ಹಾಗೆಲ್ಲ ಭೇದ ಮಾಡುವಂತಿಲ್ಲ ಎಂದು ಕಾನೂನು ಬಂದೇ ಎಷ್ಟು ವರುಷವಾಯಿತು.

"ಕಾನೂನು ನಿಮ್ಗೆ ಗೊತ್ತು ಸಾ," ಎನ್ನುತ್ತಾಳೆ ಬೆಟ್ಟಮ್ಮ. "ನನ್ ಕಾಲ್ಗೆ ಗೊತ್ತಿಲ್ವಲ್ಲ."

ಹುಡುಗ ನಗಲು ಹೋಗಿ ನಿಲ್ಲಿಸಿಕೊಳ್ಳುತ್ತಾನೆ. ಬರುವ ಸಂತೆಯವರೆಗೆ ಚಕ್ರವನ್ನು ನುಗ್ಗೇಹಳ್ಳಿಯಲ್ಲೇ ಇಟ್ಟಿರುತ್ತೇನೆ, ಅದಕ್ಕಿಂತ ಹೆಚ್ಚು ನನ್ನ ಕೈಯಲ್ಲಿಲ್ಲ ಎಂದು ಹೇಳಿ ಸೈಕಲ್ಲು ತಿರುಗಿಸುತ್ತಾನೆ. ಅವನ ನೆರಳು ಹುಣಸೆ ಮರ ದಾಟುವವರೆಗೂ ಗುಂಡಯ್ಯ ನೋಡುತ್ತಾನೆ. ಹೊನ್ನಕ್ಕ, ಒಳ್ಳೆಯದಾಯಿತು ಬಿಡು ಎನ್ನುತ್ತಾಳೆ. ಆ ದನಿಯಲ್ಲಿ ಒಳ್ಳೆಯದೇನೂ ಇರುವುದಿಲ್ಲ.

ಬಿಸಿಲು ಇಳಿದಿದೆ. ಬೆಳಗ್ಗೆ ಖರ್ಚಾದ ಹುರಿಗೆ ಬದಲು ಹುರಿ ಆಗಬೇಕು. ಬೆಟ್ಟಮ್ಮ ಮಡಿಲಿಗೆ ನಾರು ತುಂಬಿಕೊಂಡು ತುದಿಯನ್ನು ಕೊಕ್ಕೆಗೆ ಸಿಕ್ಕಿಸುತ್ತಾಳೆ. ರೇವಿ ಹಿಡಿ ತಿರುಗಿಸುತ್ತಾಳೆ. ಮರದ ಚಕ್ರ ಕಿರುಗುಟ್ಟುತ್ತದೆ. ತಾಯಿ ಹಿಂದಕ್ಕೆ ಹಿಂದಕ್ಕೆ ನಡೆಯುತ್ತಾಳೆ, ನಡುವಿನ ಹುರಿ ಉದ್ದವಾಗುತ್ತದೆ, ಮಗಳ ಮುಖ ಚಿಕ್ಕದಾಗುತ್ತದೆ.

ಅರ್ಧ ದಾರಿಯಲ್ಲಿ ಚಕ್ರ ನಿಲ್ಲುತ್ತದೆ.

ನಿಲ್ಲಿಸಬಾರದು ಎಂಬುದು ರೇವಿಗೆ ಗೊತ್ತು. ನಿಲ್ಲಿಸಿದರೆ ಹೊಸೆತ ಬಿಚ್ಚಿಕೊಳ್ಳುತ್ತದೆ. ಬೆಟ್ಟಮ್ಮ ಗಂಟಲಲ್ಲಿ ಸದ್ದು ಮಾಡುತ್ತಾಳೆ, ಹುಡುಗಿ ಅಲುಗುವುದಿಲ್ಲ. ಹಿಡಿಯ ಮೇಲೆ ಎರಡೂ ಕೈಯಿಟ್ಟು, ಹುರಿಯ ಆ ತುದಿಯಿಂದ ತಾಯಿಯನ್ನೇ ನೋಡುತ್ತಾಳೆ.

"ಅವ್ವಾ, ಸಂತೇಲಿ ನೀನು ಇಂದಕ್ಕೋದೆ. ಇವತ್ತು ಬಾವಿತಾವ ಅಗ್ಗ ಇಟ್ಬುಟ್ಟು ನಾನೂ ಇಂದಕ್ಕೋದೆ. ನಂಗೆ ಯಾರೂ ಯೋಳಿರ್ನಿಲ್ಲ. ನಂಗೆ ಅದ ಯಾರವ್ವಾ ಕಲ್ಸಿದ್ದು?"